ನಿದಾನ ಮತ್ತು ನಿಧಾನ

ಕನ್ನಡದಲ್ಲಿ ಎರಡು ಮಾತುಗಳುಂಟು: ನಿದಾನ, ನಿಧಾನ. ಬರೆಹದಲ್ಲಿ ಇವೆರಡಕ್ಕೂ ಒಂದು ಮಹಾಪ್ರಾಣದಷ್ಟೇ ಅಂತರ. ಆಡುಮಾತಿನಲ್ಲಿ ಅದೂ ಉಳಿಯುವುದಿಲ್ಲ. ಮೊದಲನೆಯದು ವೈದ್ಯರ ಮಾತು. ರೋಗದ ಮೂಲವನ್ನು ಹುಡುಕಿ, ಇದು ಇಂಥ ರೋಗವೆಂದು ಗೊತ್ತುಮಾಡುವುದಕ್ಕೆ ನಿದಾನವೆಂದು ಹೆಸರು. ಚರಕಸಂಹಿತೆಯಲ್ಲಿ ನಿದಾನಸ್ಥಾನವೆಂಬ ಒಂದು ಭಾಗವೇ ಇದೆ. ಮಾಧವಕರನ ಗ್ರಂಥವಂತೂ ಮಾಧವನಿದಾನವೆಂದೇ ಪ್ರಸಿದ್ಧ. ಎರಡನೆಯದು ನಾವು ದಿನವೂ ಆಡುವ ಮಾತು. ಅವಸರಪಡದಿರುವುದು, ತಾಳ್ಮೆಯಿಂದ ನಡೆದುಕೊಳ್ಳುವುದು ಎಂದು ಅದರ ಅರ್ಥ. ಈ ಹೊತ್ತು ನಾನು ಹೇಳಬೇಕೆಂದಿರುವುದು ಮೊದಲನೆಯದರ ಜೊತೆಗೆ ಎರಡನೆಯದು ಇಲ್ಲದೆ ಹೋದಾಗ ರೋಗಿಯ ಗತಿ ಏನಾಗುತ್ತದೆ ಎಂಬ ವಿಚಾರ.

ನಿದಾನವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಇನ್ನೂ ಹಳೆಯ ಅರ್ಥವೊಂದಿದೆ: ಕಟ್ಟುವ ಹಗ್ಗ. ಕರುವನ್ನು ಗೂಟಕ್ಕೆ ಕಟ್ಟುವ ಹಗ್ಗವೂ ನಿದಾನವೇ. ಹಗ್ಗದಿಂದ ಎರಡು ಕೆಲಸಗಳಾಗುತ್ತವೆ. ಬಾವಿಗೆ ಬಿದ್ದವನನ್ನು ಹಗ್ಗ ಇಳಿಬಿಟ್ಟು ಮೇಲೆತ್ತಬಹುದು; ಸುಮ್ಮನೆ ನಿಂತವನನ್ನು ಅದೇ ಹಗ್ಗದಿಂದ ಕಂಬಕ್ಕೆ ಬಿಗಿಯಲೂಬಹುದು. ವೈದ್ಯರು ರೋಗಕ್ಕೆ ಇಡುವ ಹೆಸರೂ ಹಾಗೆಯೇ.

ಹೆಸರಿನಿಂದ ಆಗುವ ಉಪಕಾರವನ್ನು ಮೊದಲು ಹೇಳುವುದು ನ್ಯಾಯ. ನಮ್ಮ ಪೀಣ್ಯದ ಕಡೆ ಸಣ್ಣವೂ ದೊಡ್ಡವೂ ಆದ ಸಾವಿರಾರು ಕಾರ್ಖಾನೆಗಳಿವೆ. ತಗಡು ಬಡಿಯುವ ಪ್ರೆಸ್ಸಿನ ಮುಂದೆ ಇಪ್ಪತ್ತು ವರ್ಷ ನಿಂತವನಿಗೆ ಕಿವಿ ಮಂದವಾಗುತ್ತದೆ. ಮನೆಯವರು ‘ವಯಸ್ಸಾಯಿತು’ ಎನ್ನುತ್ತಾರೆ. ಮೇಸ್ತ್ರಿ ‘ಗಮನವಿಲ್ಲ’ ಎನ್ನುತ್ತಾನೆ. ವೈದ್ಯರು ಪರೀಕ್ಷಿಸಿ, ಇದು ಸದ್ದಿನಿಂದ ಬಂದ ಕಿವುಡು ಎಂದು ಬರೆದುಕೊಟ್ಟರೆ ಆ ಮನುಷ್ಯನ ಮೇಲಿದ್ದ ಅಪವಾದ ಅಳಿಯುತ್ತದೆ. ೧೯೪೮ರ ಕಾರ್ಖಾನೆ ಕಾಯಿದೆಯ ರೋಗಗಳ ಪಟ್ಟಿಯಲ್ಲಿ ಸದ್ದಿನ ಕಿವುಡೂ ಇತ್ತು, ಕಲ್ಲುಪುಡಿಯನ್ನು ಉಸಿರಾಡಿ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗವೂ ಇತ್ತು. ಅದೇ ವರ್ಷದ ಇ.ಎಸ್.ಐ. ಕಾಯಿದೆಯಂತೆ ಪರಿಹಾರ ದೊರೆಯಬೇಕಾದರೂ ವೈದ್ಯರ ಬರೆಹ ಬೇಕಾಗಿತ್ತು. ಹೆಸರಿಲ್ಲದ ಕಷ್ಟಕ್ಕೆ ಸರ್ಕಾರದಲ್ಲಿ ಕಡತವಿಲ್ಲ. ಆದುದರಿಂದ ನಿದಾನವೇ ಬೇಡವೆಂದು ಹೇಳುವವನು ಅವಿವೇಕಿ.

ಆದರೆ ಹೆಸರು ಕಟ್ಟಿಹಾಕಿದ್ದೂ ಉಂಟು. ಕುಷ್ಠರೋಗವನ್ನೇ ನೋಡೋಣ. ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು ೧೯೮೨ರಷ್ಟು ಹಿಂದೆ. ಕೆಲವು ತಿಂಗಳು ಮಾತ್ರೆ ನುಂಗಿದರೆ ರೋಗ ವಾಸಿಯಾಗುತ್ತದೆ. ಆದರೂ ಆ ರೋಗ ಬಂದ ಗಂಡನನ್ನೋ ಹೆಂಡತಿಯನ್ನೋ ಬಿಟ್ಟುಬಿಡಲು ನಮ್ಮ ವಿವಾಹದ ಕಾಯಿದೆಗಳು ಅವಕಾಶ ಕೊಡುತ್ತಲೇ ಇದ್ದವು. ಆ ಮಾತನ್ನು ಕಾಯಿದೆಯಿಂದ ತೆಗೆದದ್ದು ೨೦೧೯ರಲ್ಲಿ. ರೋಗಕ್ಕೆ ಮದ್ದು ಬಂದು ಮೂವತ್ತೇಳು ವರ್ಷಗಳಾದ ಮೇಲೆ ಹೆಸರಿಗೆ ಮದ್ದು ಬಂದಿತು! ಮೂರ್ಛೆರೋಗದ ಕಥೆಯೂ ಇಂಥದೇ. ಹಿಂದೂ ವಿವಾಹ ಕಾಯಿದೆಯಲ್ಲಿ ಅದನ್ನು ಬುದ್ಧಿಭ್ರಮಣೆಯ ಸಾಲಿನಲ್ಲಿ ಸೇರಿಸಿ, ವಿವಾಹಕ್ಕೆ ಅಡ್ಡಿಯೆಂದು ಎಣಿಸಿದ್ದರು. ೧೯೯೯ರ ತಿದ್ದುಪಡಿಯಿಂದ ಅದು ಹೋಯಿತು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿರುವ ಸುಮನಹಳ್ಳಿಯ ಹೆಸರನ್ನು ಇಂದು ಸಾವಿರಾರು ಜನ ಮೇಲುಸೇತುವೆಯ ಹೆಸರಾಗಿ ಬಲ್ಲರು. ಅದು ೧೯೭೦ರ ದಶಕದಲ್ಲಿ ಕುಷ್ಠರೋಗಿಗಳ ಆಶ್ರಯಕ್ಕಾಗಿ ಹುಟ್ಟಿದ ಸಂಸ್ಥೆಯ ಹೆಸರು ಎಂಬುದು ಬಸ್ಸಿನಲ್ಲಿ ಹೋಗುವವರಿಗೆ ತಿಳಿಯದು. ಮನೆಯಿದ್ದೂ ಮನೆ ಸೇರಿಸದವರಿಗಾಗಿ ಒಂದು ಊರನ್ನೇ ಕಟ್ಟಬೇಕಾಯಿತೆಂದರೆ, ರೋಗದ ಹೆಸರು ರೋಗಕ್ಕಿಂತ ಎಷ್ಟು ಕ್ರೂರವೆಂದು ಊಹಿಸಿಕೊಳ್ಳಬಹುದು.

ಇಷ್ಟು ದೊಡ್ಡ ರೋಗಗಳ ಮಾತೇ ಬೇಡ. ಪೀಣ್ಯದ ಆಸುಪಾಸಿನಲ್ಲಿ ಮೇಷ್ಟ್ರಾಗಿರುವವನಿಗೆ ಪಾಠ ಹೇಳುವುದರ ಜೊತೆಗೆ ಇನ್ನೊಂದು ಕೆಲಸವೂ ಇರುತ್ತದೆ: ಇಂಗ್ಲಿಷಿನ ಕಾಗದಗಳನ್ನು ಓದಿ ಹೇಳುವುದು. ಗಾರ್ಮೆಂಟ್ಸಿಗೆ ಹೋಗುವ ಒಬ್ಬ ತಾಯಿ ಮಗನನ್ನು ಎಂಟನೆಯ ತರಗತಿಗೆ ಸೇರಿಸಲು ಬಂದಾಗ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿಟ್ಟಿದ್ದ ಒಂದು ಚೀಟಿಯನ್ನು ತೋರಿಸಿದರು. ಹುಡುಗನಿಗೆ ಕಾಲುಗಳು ಸೆಟೆದುಕೊಂಡಿದ್ದವು. ಗೋಡೆ ಹಿಡಿದು ನಡೆಯುತ್ತಿದ್ದ. ಚೀಟಿ ಬರೆದು ಹತ್ತು ವರ್ಷಗಳಾಗಿದ್ದವು. ಅದನ್ನು ಕೊಟ್ಟ ದಿನ ಆಸ್ಪತ್ರೆಯಲ್ಲಿ ಏಳೆಂಟು ಮಂದಿ ವಿದ್ಯಾರ್ಥಿಗಳು ಮಗುವಿನ ಸುತ್ತ ನಿಂತಿದ್ದರಂತೆ. ದೊಡ್ಡ ವೈದ್ಯರು ಮಗುವಿನ ಕಾಲನ್ನು ಮಡಿಸಿ, ಬಿಡಿಸಿ ತೋರಿಸಿ ಅವರಿಗೆ ಇಂಗ್ಲಿಷಿನಲ್ಲಿ ಪಾಠ ಹೇಳಿದರಂತೆ. ತಾಯಿಗೆ ಕನ್ನಡದಲ್ಲಿ ಸಿಕ್ಕಿದ್ದು ಒಂದೇ ವಾಕ್ಯ: “ಇವನು ಇಷ್ಟೇ ಕಣಮ್ಮ.”

ಚೀಟಿಯಲ್ಲಿ ಇದ್ದದ್ದು ಸೆರೆಬ್ರಲ್ ಪಾಲ್ಸಿ ಎಂಬ ಹೆಸರು. ಮೆದುಳು ಬೆಳೆಯುವ ಕಾಲದಲ್ಲಿ ಅದಕ್ಕೆ ಪೆಟ್ಟಾಗಿ ಕೈಕಾಲುಗಳ ಹಿಡಿತ ತಪ್ಪುವ ಸ್ಥಿತಿ ಅದು. ಮೆದುಳಿಗೆ ಆದ ಪೆಟ್ಟು ಹೋಗುವುದಿಲ್ಲ, ಹೆಚ್ಚುವುದೂ ಇಲ್ಲ. ಆದರೆ ಎಳೆಯ ವಯಸ್ಸಿನಿಂದ ಅಂಗಸಾಧನೆ ಮಾಡಿಸಿದರೆ ನಡಿಗೆ ಎಷ್ಟೋ ಸುಧಾರಿಸುತ್ತದೆ. ಆ ಸ್ಥಿತಿಯ ಅನೇಕ ಮಕ್ಕಳ ಬುದ್ಧಿಗೆ ಯಾವ ಕೊರತೆಯೂ ಇರುವುದಿಲ್ಲ. ಹೆಸರಿನ ಕೆಳಗೆ ಎರಡನೆಯ ಸಾಲಿನಲ್ಲಿ, ದಿನವೂ ಅಂಗಸಾಧನೆ ಮಾಡಿಸತಕ್ಕದ್ದು, ತಿಂಗಳಿಗೊಮ್ಮೆ ಬರತಕ್ಕದ್ದು ಎಂದು ಸ್ಪಷ್ಟವಾಗಿ ಬರೆದಿತ್ತು. ಆ ತಾಯಿಗೆ ಅದನ್ನು ಯಾರೂ ಹೇಳಿರಲಿಲ್ಲ. ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಆಗ್ಲೇ ಮಾಡ್ಸಬೋದಿತ್ತಾ ಮೇಷ್ಟ್ರೇ?” ಎಂದರು. ಮೂವತ್ತು ವರ್ಷ ವ್ಯಾಕರಣ ಪಾಠ ಹೇಳಿದವನಿಗೂ ಆ ಪ್ರಶ್ನಾರ್ಥಕ ವಾಕ್ಯಕ್ಕೆ ಉತ್ತರ ಹೊಳೆಯಲಿಲ್ಲ. ಹುಡುಗ ಹಳಗನ್ನಡದ ಪದ್ಯವನ್ನು ಅನ್ವಯಮಾಡಿ ಹೇಳುವುದರಲ್ಲಿ ತರಗತಿಗೆ ಮೊದಲಿಗನಾದ. ಆದರೆ ಕಳೆದುಹೋದ ಹತ್ತು ವರ್ಷಗಳು ಕಾಲುಗಳಿಗೆ ಹಿಂದಿರುಗಲಿಲ್ಲ.

ಆ ವೈದ್ಯರು ದುಷ್ಟರೇ? ಖಂಡಿತ ಅಲ್ಲ. ಅವರ ನಿದಾನ ಸರಿಯಾಗಿಯೇ ಇತ್ತು, ಸಲಹೆಯೂ ಸರಿಯಾಗಿತ್ತು. ಕೆಟ್ಟದ್ದು ಒಂದೇ: ಆ ಮಗುವಿನ ಬಾಳು ಹೇಗಿದ್ದೀತೆಂಬ ಅವರ ಕಲ್ಪನೆ. ಆ ಕಲ್ಪನೆಯನ್ನು ಅವರು ಮನೆಯಿಂದ ತಂದಿರಲಾರರು. ಶಿಕ್ಷಣದಲ್ಲಿಯೇ ಅದು ಅವರಿಗೆ ಅಂಟಿರಬೇಕು.

ಇಂಗ್ಲಿಷಿನಲ್ಲಿ ಈಚೆಗೆ ‘ಏಬಲಿಸಂ’ ಎಂಬ ಮಾತು ಬಳಕೆಗೆ ಬಂದಿದೆ. ಕೈಕಾಲು, ಕಣ್ಣುಕಿವಿ, ಬುದ್ಧಿ ಎಲ್ಲವೂ ವಾಡಿಕೆಯಂತೆ ಇರುವವನೇ ಪೂರ್ಣಮನುಷ್ಯ, ಉಳಿದವರು ಅರೆಮನುಷ್ಯರು ಎಂದು ತಿಳಿಯುವ ಭಾವಕ್ಕೆ ಆ ಹೆಸರು. ಇದಕ್ಕೆ ಕನ್ನಡದಲ್ಲಿ ಮಾತು ಹುಡುಕುತ್ತ ಹೋದಾಗ ನನಗೆ ನೆನಪಾದದ್ದು ಜೈನಶಾಸ್ತ್ರದ ಎಂಟು ಮದಗಳು. ಜ್ಞಾನ, ಪೂಜೆ, ಕುಲ, ಜಾತಿ, ಬಲ, ಐಶ್ವರ್ಯ, ತಪಸ್ಸು ಎಂದು ಏಳನ್ನು ಎಣಿಸಿ ಎಂಟನೆಯದಾಗಿ ದೇಹವನ್ನು ಹೇಳುತ್ತಾರೆ. ದೇಹಮದ! ನನ್ನ ದೇಹ ಸರಿಯಾಗಿದೆಯೆಂಬ ಗರ್ವ. ಈ ಮಾತು ನಮಗೆ ಸಾಕು. ವೈದ್ಯನಾದವನಲ್ಲಿ ಜ್ಞಾನದ ಮದವೂ ದೇಹದ ಮದವೂ ಕೂಡಿಬಿಟ್ಟರೆ ಎದುರಿಗೆ ಕುಳಿತ ರೋಗಿಗೆ ಬಾಯಿ ತೆರೆಯಲೂ ಧೈರ್ಯ ಬರುವುದಿಲ್ಲ.

ವೈದ್ಯವಿದ್ಯಾರ್ಥಿ ಮೊದಲ ವರ್ಷದಲ್ಲಿ ಕಲಿಯುವುದು ಸರಿಯಾದ ದೇಹ ಹೇಗಿರುತ್ತದೆ ಎಂಬುದನ್ನು. ಆಮೇಲೆ ಕಲಿಯುವುದು ಅದು ಹೇಗೆ ಕೆಡುತ್ತದೆ ಎಂಬುದನ್ನು. ಕಡೆಗೆ ಕಲಿಯುವುದು ಕೆಟ್ಟದ್ದನ್ನು ಸರಿಮಾಡುವುದು ಹೇಗೆ ಎಂಬುದನ್ನು. ಸರಿಮಾಡಲಾಗದ್ದರ ಜೊತೆಯಲ್ಲಿಯೇ ಮನುಷ್ಯರು ಓದುತ್ತಾರೆ, ದುಡಿಯುತ್ತಾರೆ, ಮದುವೆಯಾಗುತ್ತಾರೆ, ನಗುತ್ತಾರೆ ಎಂಬ ಪಾಠಕ್ಕೆ ಅಲ್ಲಿ ಎಡೆ ಬಹಳ ಕಡಿಮೆ. ಆ ಪಾಠವನ್ನು ಬಾಯಿಬಿಟ್ಟು ಹೇಳದೆಯೇ ಕಲಿಸಬಲ್ಲವರು ಯಾರು? ಪಕ್ಕದ ಬೆಂಚಿನಲ್ಲಿ ಕುಳಿತ, ಊರುಗೋಲು ಹಿಡಿದ ಸಹಪಾಠಿ. ಗಾಲಿಕುರ್ಚಿಯಲ್ಲಿ ಬಂದು ಪಾಠ ಹೇಳುವ ಗುರು. ಆದರೆ ಅಂಥವರನ್ನು ಬಾಗಿಲಲ್ಲಿಯೇ ತಡೆಯುವುದು ಈ ವಿದ್ಯೆಯ ಹಳೆಯ ಸಂಪ್ರದಾಯ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಶಿಷ್ಯನನ್ನು ಆರಿಸುವ ಲಕ್ಷಣಗಳನ್ನು ಹೇಳುವಾಗ, ಅವನು ಶಾಂತನಾಗಿರಬೇಕು, ಅಹಂಕಾರವಿಲ್ಲದವನಾಗಿರಬೇಕು ಎಂಬ ಒಳ್ಳೆಯ ಮಾತುಗಳ ಜೊತೆಗೆ, ಅವನ ಮೂಗು ನೆಟ್ಟಗಿರಬೇಕು, ಮಾತು ಗೊಣಗಾಗಿರಬಾರದು, ಅಂಗದಲ್ಲಿ ಊನವಿರಬಾರದು ಎಂಬ ನಿಯಮಗಳೂ ಬರುತ್ತವೆ. ಗ್ರಂಥದ ಮೇಲೆ ನನಗೆ ಗೌರವವುಂಟು. ಆ ಮಾತಿನ ಮೇಲೆ ಇಲ್ಲ.

ಅದು ಹಳೆಯ ಕಾಲದ ಮಾತಾಯಿತು ಎನ್ನುವಿರಾ? ೨೦೧೯ರ ಮೇ ತಿಂಗಳಿನಲ್ಲಿ ನಮ್ಮ ವೈದ್ಯಶಿಕ್ಷಣದ ನಿಯಮಗಳಿಗೆ ಮಾಡಿದ ತಿದ್ದುಪಡಿಯನ್ನು ಕೇಳಿ. ಎಂ.ಬಿ.ಬಿ.ಎಸ್. ಸೇರುವವನ ಎರಡೂ ಕೈಗಳು ಊನವಿಲ್ಲದೆ ಇರಬೇಕು. ಅವುಗಳಲ್ಲಿ ಸ್ಪರ್ಶ, ಬಲ, ಚಲನೆ ಸಾಕಷ್ಟಿರಬೇಕು. ಮಾತಿನ ನ್ಯೂನತೆ ಶೇಕಡ ೪೦ ಅಥವಾ ಅದಕ್ಕೆ ಮೇಲ್ಪಟ್ಟು ಇದ್ದರೆ ಪ್ರವೇಶವೇ ಇಲ್ಲ. ೪೦ಕ್ಕೆ ಕಡಿಮೆ ಇದ್ದರೆ ಪ್ರವೇಶವುಂಟು, ಆದರೆ ಮೀಸಲಾತಿ ಇಲ್ಲ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆ ಉಚ್ಚಶಿಕ್ಷಣದಲ್ಲಿ ಶೇಕಡ ೫ಕ್ಕೆ ಕಡಿಮೆಯಿಲ್ಲದ ಸ್ಥಾನಗಳನ್ನು ಮೀಸಲಿಟ್ಟಿರುವುದು ನ್ಯೂನತೆ ಶೇಕಡ ೪೦ ಮುಟ್ಟಿದವರಿಗೆ. ಎಂದರೆ ಮೀಸಲಾತಿ ಯಾರಿಗೆ ಉಂಟೋ ಅವರಿಗೆ ಬಾಗಿಲಿಲ್ಲ, ಬಾಗಿಲು ಯಾರಿಗೆ ತೆರೆದಿದೆಯೋ ಅವರಿಗೆ ಮೀಸಲಾತಿಯಿಲ್ಲ. ತರ್ಕಶಾಸ್ತ್ರದವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು.

ಮಾತಿನ ನ್ಯೂನತೆಯುಳ್ಳ ಒಬ್ಬ ವಿದ್ಯಾರ್ಥಿ ಇದನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದ. ಅವನ ನ್ಯೂನತೆ ಶೇಕಡ ೪೪ ಅಥವಾ ೪೫ ಎಂದು ಅಳೆದಿದ್ದರು. ನ್ಯಾಯಾಲಯದ ಆಜ್ಞೆಯಂತೆ ಬೇರೊಂದು ವೈದ್ಯಮಂಡಳಿ ಪರೀಕ್ಷಿಸಿ, ಅವನ ವ್ಯಾಸಂಗಕ್ಕೆ ಇದು ಅಡ್ಡಿಯಾಗದೆಂದು ವರದಿ ಕೊಟ್ಟಿತು. ೨೦೨೪ರ ಅಕ್ಟೋಬರ್ ೧೫ರ ತೀರ್ಪಿನಲ್ಲಿ ನ್ಯಾಯಾಲಯ ಹೇಳಿದ ಸಾರಾಂಶವಿದು: ಶೇಕಡ ಎಷ್ಟು ಎಂಬ ಲೆಕ್ಕವೊಂದರಿಂದಲೇ ಯಾರನ್ನೂ ಹೊರಗಿಡಬಾರದು, ಈ ವ್ಯಕ್ತಿ ಈ ವ್ಯಾಸಂಗವನ್ನು ಮಾಡಬಲ್ಲನೇ ಎಂಬುದನ್ನು ಮಂಡಳಿ ವಿಚಾರಿಸಿ ಕಾರಣಸಹಿತ ಬರೆಯಬೇಕು. ಹತ್ತು ದಿನಗಳ ಮೇಲೆ, ಸ್ನಾಯುಕ್ಷಯದ ರೋಗವಿದ್ದು ಶೇಕಡ ೮೮ ನ್ಯೂನತೆಯುಳ್ಳ ಇನ್ನೊಬ್ಬ ಅಭ್ಯರ್ಥಿಯ ವಿಷಯದಲ್ಲಿಯೂ, ಪರೀಕ್ಷಿಸಬೇಕಾದದ್ದು ಸಾಮರ್ಥ್ಯವನ್ನು ಎಂದು ನ್ಯಾಯಾಲಯ ಹೇಳಿತು. ೨೦೨೫ರ ಫೆಬ್ರವರಿ ೨೧ರಂದು ‘ಎರಡೂ ಕೈಗಳು’ ಎಂಬ ನಿಯಮವೇ ದೇಹಮದದ ವಾಸನೆಯುಳ್ಳದ್ದೆಂದು ಖಂಡಿಸಿತು.

ಇಲ್ಲಿ ಕೇಳುಗರಲ್ಲಿ ಕೆಲವರ ಮನಸ್ಸಿನಲ್ಲಿ ಒಂದು ಸಂದೇಹ ಏಳುವುದು ಸಹಜ. ‘ಇದೆಲ್ಲ ಧರ್ಮದ ಮಾತಾಯಿತು, ನನ್ನ ಹೊಟ್ಟೆ ಕೊಯ್ಯುವವನಿಗೆ ಕೈ ಸರಿಯಾಗಿರಬೇಡವೇ?’ ಸಂದೇಹ ನ್ಯಾಯವಾದದ್ದೇ. ಹೊಟ್ಟೆ ಕೊಯ್ಯುವವನ ಕೈ ಅವನ ಕೆಲಸಕ್ಕೆ ತಕ್ಕಂತೆ ಇರಲೇಬೇಕು. ಆದರೆ ವೈದ್ಯರೆಲ್ಲರೂ ಹೊಟ್ಟೆ ಕೊಯ್ಯುವವರಲ್ಲ. ಮನೋರೋಗವನ್ನು ನೋಡುವವರು, ಎಕ್ಸರೇ ಚಿತ್ರವನ್ನು ಓದುವವರು, ರಕ್ತವನ್ನು ಪರೀಕ್ಷಿಸುವವರು, ಊರಿನ ಆರೋಗ್ಯವನ್ನು ಕಾಯುವವರು ಎಲ್ಲರೂ ವೈದ್ಯರೇ. ಎರಡು ಕೈ ಇದ್ದವರೆಲ್ಲರಿಗೂ ಶಸ್ತ್ರಚಿಕಿತ್ಸೆ ಬಾರದು ಎಂಬುದನ್ನು ಮೊದಲೇ ಒಪ್ಪಿದ್ದೇವೆ. ಅದಕ್ಕಾಗಿಯೇ ಬೇರೆ ಪರೀಕ್ಷೆಗಳಿವೆ. ಆ ಪರೀಕ್ಷೆಗಳನ್ನು ಎಲ್ಲರಿಗೂ ಒಡ್ಡಲಿ. ಪರೀಕ್ಷೆಗೆ ಮೊದಲೇ, ಕೈಬೆರಳು ಎಣಿಸಿ ಮನೆಗೆ ಕಳಿಸಬಾರದು ಎಂಬುದಷ್ಟೇ ವಾದ.

ಕೈಗೆ ಬಂದ ನಿದರ್ಶನಗಳೂ ಇವೆ. ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ ೧೯೫೪ರಲ್ಲಿ ವಾಹನದ ಅಪಘಾತಕ್ಕೆ ಸಿಕ್ಕಿ ಸೊಂಟದಿಂದ ಕೆಳಗೆ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಮುರುಟಿದ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಅಂಗವಿಕಲರ ಪುನಶ್ಚೇತನಕ್ಕಾಗಿ ೧೯೬೬ರಲ್ಲಿ ವೆಲ್ಲೂರಿನಲ್ಲಿ ಆರಂಭವಾದ ಕೇಂದ್ರ ಅವರ ದುಡಿಮೆಯ ಫಲ. ೧೯೭೨ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಮುಂಬಯಿಯ ಡಾಕ್ಟರ್ ಸುರೇಶ್ ಅಡ್ವಾಣಿಯವರು ಬಾಲ್ಯದಲ್ಲಿ ಪೋಲಿಯೋ ತಗುಲಿ ಗಾಲಿಕುರ್ಚಿ ಹಿಡಿದವರು. ವೈದ್ಯಕಾಲೇಜು ಮೊದಲು ಅವರಿಗೆ ಸೀಟು ನಿರಾಕರಿಸಿತ್ತು. ಮುಂದೆ ನಮ್ಮ ದೇಶದಲ್ಲಿ ಅಸ್ಥಿಮಜ್ಜೆಯ ಕಸಿಯನ್ನು ಮೊದಲು ಮಾಡಿದವರಲ್ಲಿ ಹೆಸರಾದವರು ಅವರೇ. ನಮ್ಮ ಗದಗಿನ ಪುಟ್ಟರಾಜ ಗವಾಯಿಗಳ ವಿಷಯ ನಿಮಗೆಲ್ಲ ತಿಳಿದದ್ದೇ. ಪಂಚಾಕ್ಷರಿ ಗವಾಯಿಗಳು ಆ ಕುರುಡು ಬಾಲಕನನ್ನು ಆಶ್ರಮಕ್ಕೆ ಸೇರಿಸಿಕೊಳ್ಳುವಾಗ ‘ಶೇಕಡ ಎಷ್ಟು?’ ಎಂದು ಕೇಳಲಿಲ್ಲ, ಅವರಿಗೂ ಕಣ್ಣಿರಲಿಲ್ಲ. ಬೆಂಗಳೂರಿನಲ್ಲಿ ೧೯೫೯ರಿಂದ ಅಂಗವಿಕಲರಿಗೆ ಶಿಕ್ಷಣವನ್ನೂ ಕಸುಬನ್ನೂ ಕಲಿಸುತ್ತಿರುವ ಎ.ಪಿ.ಡಿ. ಸಂಸ್ಥೆಯನ್ನು ಕಟ್ಟಿದ ಎನ್. ಎಸ್. ಹೇಮಾ ಅವರೂ ಗಾಲಿಕುರ್ಚಿಯವರೇ.

ಶಿಕ್ಷಣ ಸ್ವಲ್ಪ ಸ್ವಲ್ಪವಾಗಿ ತಿದ್ದಿಕೊಳ್ಳುತ್ತಿದೆ ಎಂಬುದನ್ನೂ ಹೇಳಬೇಕು. ೨೦೧೬ರ ಕಾಯಿದೆಯ ೪೭ನೆಯ ಪ್ರಕರಣದಂತೆ ವೈದ್ಯರ, ದಾದಿಯರ, ಶಿಕ್ಷಕರ ವ್ಯಾಸಂಗದಲ್ಲಿ ಅಂಗವೈಕಲ್ಯವೂ ಒಂದು ಪಾಠವಾಗಿರಬೇಕು. ೨೦೧೯ರಲ್ಲಿ ಜಾರಿಗೆ ಬಂದ ಹೊಸ ಪಠ್ಯಕ್ರಮದಲ್ಲಿ, ವಿದ್ಯಾರ್ಥಿಗಳು ಕಾಲೇಜಿಗೆ ಬಂದ ಹೊಸತರಲ್ಲಿಯೇ ಈ ವಿಷಯವನ್ನೂ ಊರಿನ ಭಾಷೆಯನ್ನೂ ಕಲಿಯುವ ಏರ್ಪಾಡಾಯಿತು. ೨೦೨೪ರ ಆಗಸ್ಟಿನಲ್ಲಿ ಹೊರಡಿಸಿದ ಪರಿಷ್ಕೃತ ಪಠ್ಯಕ್ರಮ ಅಂಗವೈಕಲ್ಯದ ಪಾಠವನ್ನು ಕೈಬಿಟ್ಟಿತ್ತು. ಅದರ ಮೇಲೆ ನಾನಾ ಕಾರಣಗಳಿಂದ ಆಕ್ಷೇಪಣೆಗಳು ಬಂದು, ಕೆಲವೇ ದಿನಗಳಲ್ಲಿ ಆ ಪಠ್ಯಕ್ರಮವನ್ನೇ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಒಂದು ಪಾಠ ಪುಸ್ತಕದಲ್ಲಿ ಉಳಿಯುವುದೂ ಎಷ್ಟು ಕಷ್ಟವೆಂಬುದು ಮೇಷ್ಟ್ರುಗಳಿಗೆ ಗೊತ್ತು.

ಶಬ್ದದ ವಿಚಾರದಲ್ಲಿ ಒಂದು ಮಾತು. ಕುಂಟ, ಕುರುಡ, ಹೆಳವ ಎಂಬ ಮಾತುಗಳು ಒರಟೆಂದು ‘ಅಂಗವಿಕಲ’ ಎಂದರು. ಅದೂ ಒರಟೆಂದು ನಮ್ಮ ಸರ್ಕಾರ ‘ವಿಕಲಚೇತನ’ ಎಂದಿತು. ಉದ್ದೇಶ ಒಳ್ಳೆಯದು, ಸಮಾಸವನ್ನು ಬಿಡಿಸಿ ನೋಡಿದರೆ ಮಾತ್ರ ಗಾಬರಿಯಾಗುತ್ತದೆ. ಮೊದಲು ಅಂಗ ಮಾತ್ರ ವಿಕಲವಾಗಿತ್ತು, ಈಗ ಚೇತನವೇ ವಿಕಲವಾಯಿತು! ‘ದಿವ್ಯಾಂಗ’ವೆಂಬ ಮಾತು ೨೦೧೫ರಿಂದ ಪ್ರಚಾರಕ್ಕೆ ಬಂದಿದೆ. ಬಸ್ಸು ಹತ್ತಲಾಗದವನಿಗೆ ದೇವತ್ವ ಕೊಡುವುದಕ್ಕಿಂತ ಒಂದು ಇಳಿಜಾರು ಮೆಟ್ಟಿಲು ಕೊಡುವುದು ಮೇಲಲ್ಲವೇ? ಅವರನ್ನು ಏನೆಂದು ಕರೆಯಬೇಕೆಂಬುದಕ್ಕೆ ಸುಲಭವಾದ ಉಪಾಯವಿದೆ: ಅವರವರ ಹೆಸರಿನಿಂದ ಕರೆಯುವುದು.

ನಮ್ಮ ಬೆಂಗಳೂರಿನ ಹೊರವಲಯಕ್ಕೆ ಆಸ್ಪತ್ರೆಗಳ ಬಡತನವಿಲ್ಲ. ವೈಟ್‌ಫೀಲ್ಡಿನಲ್ಲಿ ೨೦೦೧ರಲ್ಲಿ ಆರಂಭವಾದ ಸತ್ಯಸಾಯಿ ಆಸ್ಪತ್ರೆ ಹೃದಯದ, ಮೆದುಳಿನ ದೊಡ್ಡ ಶಸ್ತ್ರಚಿಕಿತ್ಸೆಗಳನ್ನು ಹಣ ಪಡೆಯದೆ ಮಾಡುತ್ತ ಬಂದಿದೆ. ಎಲೆಕ್ಟ್ರಾನಿಕ್ ಸಿಟಿಯಿಂದ ಸ್ವಲ್ಪ ಮುಂದೆ ಬೊಮ್ಮಸಂದ್ರದಲ್ಲಿರುವ ಹೃದಯದ ಆಸ್ಪತ್ರೆಗೆ ದೂರದೇಶಗಳಿಂದಲೂ ರೋಗಿಗಳು ಬರುತ್ತಾರೆ. ಯಂತ್ರಗಳಿವೆ, ಪರಿಣತರಿದ್ದಾರೆ. ಇನ್ನು ಬೇಕಾದದ್ದು ಹಣ ಬೇಡದ ನಾಲ್ಕು ಸಂಗತಿಗಳು. ರೋಗದ ಹೆಸರನ್ನು ರೋಗಿಯ ಭಾಷೆಯಲ್ಲಿ, ಕುಳಿತುಕೊಂಡು ಹೇಳಬೇಕು. ಅದನ್ನು ಹತ್ತು ಜನರೆದುರಿಗೆ ಹೇಳುವುದಕ್ಕೆ ಮೊದಲು ರೋಗಿಯ ಅನುಮತಿ ಕೇಳಬೇಕು. ಏನಾಗದು ಎಂಬುದರ ಜೊತೆಗೆ ಏನಾದೀತು ಎಂಬುದನ್ನೂ ಹೇಳಬೇಕು. ಅದೇ ಸ್ಥಿತಿಯಲ್ಲಿ ಬಾಳುತ್ತಿರುವ ಇನ್ನೊಬ್ಬರ ಪರಿಚಯ ಮಾಡಿಕೊಡಬೇಕು; ಏಕೆಂದರೆ ಆ ಬಾಳನ್ನು ಬಲ್ಲವರು ಅವರು, ವೈದ್ಯರಲ್ಲ.

ರೋಗಿಗಳ ಕಡೆಯವರಿಗೂ ಕರ್ತವ್ಯವುಂಟು. ಐ.ಟಿ. ಕಂಪನಿಯಲ್ಲಿ ಕೆಲಸಮಾಡುವ ಮಗ ಮನಸ್ಸಿನ ಕಾಯಿಲೆಯ ಮಾತ್ರೆಯನ್ನು ವಿಟಮಿನ್ನಿನ ಡಬ್ಬಿಯಲ್ಲಿಟ್ಟು ನುಂಗುತ್ತಾನೆ. ಮೂರ್ಛೆರೋಗದ ಹುಡುಗಿಯ ಚೀಟಿಯನ್ನು ತಾಯಿತಂದೆಗಳು ಮದುವೆಗೆ ಮುಂಚೆ ಸುಡುತ್ತಾರೆ. ಇದು ವೈದ್ಯರ ತಪ್ಪಲ್ಲ. ಹಗ್ಗವನ್ನು ಅವರು ಕೊಟ್ಟಿರಬಹುದು. ಕಂಬವಾಗಿ ನಿಂತಿರುವವರು ನಾವು. ೨೦೧೬ರ ಕಾಯಿದೆಯ ಪ್ರಕಾರ, ಕೆಲಸದಲ್ಲಿದ್ದಾಗ ಅಂಗವೈಕಲ್ಯ ಬಂದಿತೆಂದು ಸರ್ಕಾರಿ ನೌಕರನನ್ನು ತೆಗೆದುಹಾಕುವಂತಿಲ್ಲ. ಖಾಸಗಿ ಕಾರ್ಖಾನೆಯವನಿಗೆ ಆ ಪ್ರಕರಣದ ಆಸರೆ ಇಲ್ಲ. ಅವನಿಗೆ ಇರುವ ಆಸರೆ ಜೊತೆಯವರ ವಿವೇಕ ಮಾತ್ರ.

ಆದುದರಿಂದ ಮುಂದಿನ ಸಲ ಆಸ್ಪತ್ರೆಯಿಂದ ಒಂದು ಚೀಟಿ ಕೈಗೆ ಬಂದಾಗ, ಏಳುವುದಕ್ಕೆ ಮೊದಲು ವೈದ್ಯರನ್ನು ಮೂರು ಪ್ರಶ್ನೆ ಕೇಳಿ: ‘ಇದರ ಹೆಸರೇನು ಸ್ವಾಮಿ? ನಾಳೆ ಬೆಳಗ್ಗೆಯಿಂದ ನಾವು ಮಾಡಬೇಕಾದದ್ದೇನು? ಮತ್ತೆ ಯಾವಾಗ ಬರಬೇಕು?’ ಒಳ್ಳೆಯ ವೈದ್ಯರು ಕೋಪಿಸಿಕೊಳ್ಳುವುದಿಲ್ಲ. ಉತ್ತರ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ. ಅರ್ಥವಾಗುವವರೆಗೂ ಕುರ್ಚಿ ಬಿಟ್ಟು ಏಳಬೇಡಿ.